ಎಐ ಸಾರಾಂಶದಲ್ಲಿ ಸುರಂಗದ ನೀರು ಬಿಟ್ಟುಹೋಯಿತು

ಮಾನ್ಯ ಸಂಪಾದಕರೇ,

ವಕೀಲರ ಆಫೀಸುಗಳಿಗೆ ಎಐ ಬಂದ ಮೇಲೆ ಕೆಲಸ ಚುರುಕಾಗಿದೆ, ನಿಜ. ಆದರೆ ಜೂನಿಯರ್‌ಗಳು ಕೆಲಸ ಕಲಿಯುವುದು ಎಲ್ಲಿಂದ ಅನ್ನುವುದೇ ಈಗ ನನ್ನಂಥವರ ತಲೆನೋವು.

ಕಾಸರಗೋಡಿನ ಜಾಗದ ತಕರಾರುಗಳಲ್ಲಿ 1956ಕ್ಕಿಂತ ಹಿಂದಿನ, ಅಂದರೆ ನಾವು ದಕ್ಷಿಣ ಕನ್ನಡದಲ್ಲಿದ್ದ ಕಾಲದ ದಾಖಲೆಗಳು ಈಗಲೂ ಬರುತ್ತವೆ. ಎಷ್ಟೋ ಪಾಲುಪಟ್ಟಿ, ಗೇಣಿ ಚೀಟುಗಳು ಕನ್ನಡ ಕೈಬರಹದಲ್ಲಿವೆ. ಮೂಲಗೇಣಿ (ಶಾಶ್ವತ ಗೇಣಿ), ಕುಮ್ಕಿ (ಕೃಷಿ ಜಮೀನಿಗೆ ತಾಗಿದ, ಅದರ ಒಡೆಯ ಬಳಸಬಹುದಾದ ಸರಕಾರಿ ಜಾಗ), ಅಳಿಯಸಂತಾನ (ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಪದ್ಧತಿ) ಇವೆಲ್ಲ ನಮಗೆ ಅರ್ಥವಾದದ್ದು ಸೀನಿಯರ್ ಮೇಜಿನ ಎದುರು, ಬೈಸಿಕೊಂಡು.

ಈಗ ಮೊಬೈಲಲ್ಲಿ ಫೋಟೊ ತೆಗೆದು ಎಐಗೆ ಹಾಕಿದರೆ ಇಂಗ್ಲಿಷ್ ಸಾರಾಂಶ ತಯಾರು. ಇತ್ತೀಚೆಗೆ ಅಂಥದೊಂದು ನನ್ನ ಕೈಗೆ ಬಂತು. ಸರ್ವೆ ನಂಬರು, ಚಕ್ಕುಬಂದಿ, ಯಾರಿಗೆಷ್ಟು ಪಾಲು ಎಲ್ಲ ಸರಿಯಿತ್ತು. ಮೇಲಿನ ತೋಟದ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗ) ನೀರನ್ನು ದಿನ ಬಿಟ್ಟು ದಿನ ಕೆಳಗಿನ ಅಡಿಕೆ ತೋಟಕ್ಕೆ ಬಿಡಬೇಕು ಎಂಬ ಸಾಲು ಮಾತ್ರ ನಾಪತ್ತೆ. ದಾವೆ ಹೂಡಿದ್ದೇ ಆ ನೀರಿಗಾಗಿ! ಮೂಲ ಓದಿದ್ದರೆ ಈ ಊರಿನ ಯಾರ ಕಣ್ಣಿಗಾದರೂ ಅದು ಮೊದಲು ಬೀಳುತ್ತಿತ್ತು.

ಇಲ್ಲದ ತೀರ್ಪುಗಳನ್ನು ಎಐ ಹುಟ್ಟಿಸುವುದು ಹಳೇ ಸುದ್ದಿ. 2023ರಲ್ಲೇ ನ್ಯೂಯಾರ್ಕಿನ ವಕೀಲರಿಗೆ ಅದಕ್ಕಾಗಿ 5,000 ಡಾಲರ್ ದಂಡ ಬಿದ್ದಿದೆ. ಸುಳ್ಳು ತೀರ್ಪು ಹುಡುಕಿದರೆ ಸಿಕ್ಕಿಬೀಳುತ್ತದೆ. ಬಿಟ್ಟುಹೋದ ಸಾಲನ್ನು ಹುಡುಕಬೇಕೆಂದೇ ಯಾರಿಗೂ ತೋಚುವುದಿಲ್ಲ.

ಕೇರಳ ಹೈಕೋರ್ಟ್ 2025ರ ಜುಲೈಯಲ್ಲಿ ಜಿಲ್ಲಾ ನ್ಯಾಯಾಂಗಕ್ಕೆ ಎಐ ನೀತಿ ಹೊರಡಿಸಿತು. ತೀರ್ಮಾನಕ್ಕೆ ಬರಲು, ತೀರ್ಪು ಕೊಡಲು ಎಐ ಬಳಸುವಂತಿಲ್ಲ. ಎಐ ಮಾಡಿದ ಅನುವಾದವನ್ನು ಅನುವಾದಕರು ಇಲ್ಲವೇ ನ್ಯಾಯಾಧೀಶರು ಪರಿಶೀಲಿಸಬೇಕು. ಒಳ್ಳೆಯದೇ. ಆದರೆ ಕನ್ನಡ ದಾಖಲೆ ಪರಿಶೀಲಿಸುವವರಿಗೆ ಕನ್ನಡ ಬರಬೇಕಲ್ವಾ? ಇಲ್ಲಿನ ಕೋರ್ಟುಗಳಿಗೆ ಅಂಥ ಅನುವಾದಕರನ್ನು ಹೈಕೋರ್ಟ್ ಖಾತ್ರಿಪಡಿಸಬೇಕು.

ಆ ನೀತಿ ನ್ಯಾಯಾಧೀಶರಿಗೆ, ಕೋರ್ಟ್ ಸಿಬ್ಬಂದಿಗೆ ಮಾಡಿದ್ದು. ನಮ್ಮ ಆಫೀಸಿನ ನಿಯಮ ನಾವೇ ಮಾಡಿಕೊಳ್ಳಬೇಕು. ಜೂನಿಯರ್ ಮೊದಲು ಮೂಲ ಓದಿ ಸ್ವಂತ ಟಿಪ್ಪಣಿ ಬರೆಯಲಿ, ಆಮೇಲೆ ಬೇಕಾದರೆ ಎಐ ನೋಡಲಿ. ಎಂಥ ಕೈಬರಹವನ್ನೂ ಸಲೀಸಾಗಿ ಓದುವ ಹಳೆಯ ಗುಮಾಸ್ತರು ಇನ್ನೂ ಕೆಲವರಿದ್ದಾರೆ. ವಕೀಲರ ಸಂಘ ಅವರನ್ನು ಕರೆಸಿ ಜೂನಿಯರ್‌ಗಳಿಗೆ ತರಗತಿ ನಡೆಸಲಿ. ಅದಕ್ಕೆ ಸರಿಯಾದ ಸಂಭಾವನೆಯನ್ನೂ ಕೊಡಲಿ. ಸುಮ್ನೆ ಶಾಲು ಹೊದೆಸಿ ಕಳಿಸುವುದು ಬೇಡ.

– ಒಬ್ಬ ವಕೀಲ, ಕಾಸರಗೋಡು