ನಮ್ಮ ಪಲ್ಸ್ ಡಬ್ಬಿಯ ಟ್ರಾನ್ಸಿಸ್ಟರ್ ಬದಲಾಗಿದೆ: ಗ್ರಾಹಕರಿಗೊಂದು ಪತ್ರ

ಗ್ರಾಹಕರೆಲ್ಲರಿಗೂ ನಮಸ್ಕಾರ.

ಕೇಬಲ್ಲಿಗೆ ಚಿಕ್ಕದೊಂದು ವಿದ್ಯುತ್ ಮಿಡಿತ (ಪಲ್ಸ್) ಕಳಿಸಿ, ವಾಪಸ್ ಬರುವ ಪ್ರತಿಧ್ವನಿಯಿಂದ ತೊಂದರೆ ಇರುವ ಜಾಗ ಹುಡುಕಲು ನೀವು ಬಳಸುವ ನಮ್ಮ ಪಲ್ಸ್ ಡಬ್ಬಿಯ ಒಳಗೆ ಈ ತಿಂಗಳಿಂದ ಒಂದು ಮುಖ್ಯ ಬದಲಾವಣೆ ಆಗಿದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅದೇ ನೀಲಿ ಡಬ್ಬಿ, ಅದೇ ಬಿಎನ್‌ಸಿ ಸಾಕೆಟ್, ಅದೇ ಸ್ವಿಚ್ಚು. ಔಟ್‌ಪುಟ್ ಕೊಡುವ ಟ್ರಾನ್ಸಿಸ್ಟರ್ ಮಾತ್ರ ಬೇರೆ. ಇದರಿಂದ ಪಲ್ಸಿನ ಅಂಚು ಹರಿತವಾಗಿದೆ, ಅಂದರೆ ಪಲ್ಸು ಒಂದು ಮಟ್ಟದಿಂದ ಇನ್ನೊಂದಕ್ಕೆ ಬೇಗ ಜಿಗಿಯುತ್ತದೆ. ಜೊತೆಗೆ ವೋಲ್ಟೇಜು ಕಡಿಮೆಯಾಗಿದೆ, ಪಲ್ಸು ಮೇಲಕ್ಕೆ ಹೋಗುವ ಬದಲು ಕೆಳಕ್ಕೆ ಹೋಗುತ್ತದೆ. ಹಳೆಯ ಡಬ್ಬಿಗೆ ಕೈ ಪಳಗಿದವರು ಹೊಸದನ್ನು ಜೋಡಿಸಿದ ಕೂಡಲೇ ಫೋನ್ ಮಾಡುತ್ತಿದ್ದಾರೆ: "ಸರ, ಗೆರಿ ಕೆಳಗ ಹೊಂಟೈತ್ರಿ, ಡಬ್ಬಿ ಕೆಟ್ಟೈತೇನ್ರಿ?" ಕೆಟ್ಟಿಲ್ಲ. ಅದು ಹಾಗೇ ಇರಬೇಕು.

ಸಿಸಿಟಿವಿ ಮತ್ತು ಕೇಬಲ್ ಕೆಲಸದವರಿಗೆ ಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇವೆ, ಉಳಿದದ್ದನ್ನು ಪುರುಸೊತ್ತಾದಾಗ ಓದಿ. ಸ್ಕೋಪಿನಲ್ಲಿ (ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್) ಟ್ರಿಗರನ್ನು, ಅಂದರೆ ಗೆರೆ ಶುರುವಾಗುವ ಗುರುತನ್ನು, ಕೆಳಗಿಳಿಯುವ ಅಂಚಿಗೆ, ಅಂದರೆ ಫಾಲಿಂಗ್ ಎಡ್ಜ್‌ಗೆ ಹಾಕಿಕೊಳ್ಳಿ. 50 ಓಮ್ ಕೇಬಲ್ ಜೋಡಿಸಿದಾಗ ಗೆರೆ ಸೊನ್ನೆಯಿಂದ ಅರ್ಧ ವೋಲ್ಟ್ ಕೆಳಗಿಳಿಯುತ್ತದೆ. ಕೇಬಲ್ ಎಲ್ಲೋ ತುಂಡಾಗಿದ್ದರೆ ಸ್ವಲ್ಪ ಹೊತ್ತಿನ ಮೇಲೆ ಇನ್ನರ್ಧ ವೋಲ್ಟ್ ಕೆಳಗಿಳಿದು ಒಂದು ವೋಲ್ಟಿಗೆ ನಿಲ್ಲುತ್ತದೆ. ಒಳಗೆ ಶಾರ್ಟ್ ಆಗಿದ್ದರೆ ವಾಪಸ್ ಸೊನ್ನೆಗೆ ಏರುತ್ತದೆ. ತಲೆಕೆಳಗಾದ ಚಿತ್ರ ಕಣ್ಣಿಗೆ ಒಗ್ಗದಿದ್ದರೆ ಸ್ಕೋಪಿನಲ್ಲಿ ಇನ್ವರ್ಟ್ ಒತ್ತಿ, ಎಲ್ಲ ಮೊದಲಿನಂತೆಯೇ ಕಾಣುತ್ತದೆ. ದೂರದ ಲೆಕ್ಕ ಬದಲಾಗಿಲ್ಲ. ಆರ್‌ಜಿ-58 ಕೇಬಲ್ಲಿನಲ್ಲಿ ಸಿಗ್ನಲ್ ಒಂದು ನ್ಯಾನೋಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ಓಡುತ್ತದೆ. ಹೋಗಿ ಬರುವುದಕ್ಕೆ ಅರ್ಧ ಮಾಡಿ 10 ಅಂತ ಹಿಡಿದರೆ, 300 ನ್ಯಾನೋಸೆಕೆಂಡಿಗೆ ಬಂದ ಪ್ರತಿಧ್ವನಿ ಎಂದರೆ ತೊಂದರೆ ಇರುವುದು 30 ಮೀಟರ್ ದೂರದಲ್ಲಿ.

ಇನ್ನು ಯಾಕೆ ಬದಲಾಯಿಸಿದೆವು ಅನ್ನುವುದು.

ಹಳೆಯ ಡಬ್ಬಿಯಲ್ಲಿ ಇದ್ದದ್ದು 2ಎನ್2369ಎ. ಚಿಕ್ಕ ಲೋಹದ ಟೊಪ್ಪಿಗೆಯ ಟ್ರಾನ್ಸಿಸ್ಟರ್. ಸ್ವಿಚ್ ಕೆಲಸಕ್ಕೆ ಅಂತಲೇ ಹುಟ್ಟಿದ್ದು, ಒಳ್ಳೆಯ ಸಾಮಾನು. ಅದರ ಬಗ್ಗೆ ನಮಗೆ ಇವತ್ತಿಗೂ ಗೌರವ ಇದೆ. ಆದರೆ ಈಗ ಮಾರುಕಟ್ಟೆಯಲ್ಲಿ ಸಿಗುವ ಸರಕಿನ ಮೇಲೆ ನಂಬಿಕೆ ಇಡುವುದು ಕಷ್ಟ. ಮೇಲಿನ ಅಕ್ಷರ ಒಂದು, ಒಳಗಿನ ಚಿಪ್ಪು ಇನ್ನೊಂದು ಆಗಿರುವುದುಂಟು. ಅಸಲಿಯೇ ಸಿಕ್ಕಿದರೂ ನಮ್ಮ ಡಬ್ಬಿಯಲ್ಲಿ ಅದು ಕೊಡುತ್ತಿದ್ದದ್ದು 5 ನ್ಯಾನೋಸೆಕೆಂಡಿನ ಅಂಚು. ಅಷ್ಟು ಹೊತ್ತಿನಲ್ಲಿ ಸಿಗ್ನಲ್ ಕೇಬಲ್ಲಿನಲ್ಲಿ ಒಂದು ಮೀಟರ್ ಹೋಗಿಬಿಡುತ್ತದೆ. ಅಂದರೆ ಅರ್ಧ ಮೀಟರಿನ ಒಳಗೆ ಎರಡು ಜಾಯಿಂಟ್ ಇದ್ದರೆ ಎರಡೂ ಸೇರಿ ಒಂದೇ ಉಬ್ಬಾಗಿ ಕಾಣುತ್ತಿದ್ದವು. ಕ್ಯಾಮೆರಾ ಹತ್ತಿರ ಒಂದು, ಗೋಡೆಯ ಪೆಟ್ಟಿಗೆಯಲ್ಲಿ ಒಂದು ಕನೆಕ್ಟರ್ ಇರುವ ಕಡೆ ಯಾವುದು ಕೆಟ್ಟಿದೆ ಅಂತ ಹೇಳಲು ಆಗುತ್ತಿರಲಿಲ್ಲ. ಹೊಸ ಡಬ್ಬಿಯ ಅಂಚು ಒಂದು ನ್ಯಾನೋಸೆಕೆಂಡಿನ ಒಳಗೆ ಮುಗಿಯುತ್ತದೆ. ಒಂದು ಗೇಣು ದೂರದಲ್ಲಿರುವ ಎರಡು ಕನೆಕ್ಟರ್‌ಗಳೂ ಬೇರೆ ಬೇರೆಯಾಗಿ ಕಾಣಬಲ್ಲವು.

ಈಗ ಒಳಗೆ ಕೂತಿರುವುದು ಬಿಎಫ್‌ಆರ್93ಎ, ಒಂದಲ್ಲ, ಜೋಡಿ. ಇದು ಸ್ವಿಚ್ ಅಲ್ಲ, ರೇಡಿಯೋ ಫ್ರೀಕ್ವೆನ್ಸಿ ಟ್ರಾನ್ಸಿಸ್ಟರ್. ಸಿಗ್ನಲ್ ಹಿಗ್ಗಿಸುವುದಕ್ಕೆ ಮಾಡಿದ್ದು. ಇದರ ಮನೆತನದ ಬಿಎಫ್‌ಆರ್91 ಹಳೆಯ ಕೇಬಲ್ ಆಪರೇಟರುಗಳಿಗೆ ಚೆನ್ನಾಗಿ ಗೊತ್ತು. ಮಾಳಿಗೆ ಮೇಲಿನ ಆಂಟೆನಾ ಬೂಸ್ಟರ್ ಬಿಚ್ಚಿದರೆ ಮೂರು ಕಡೆ ಕಾಲು ಚಾಚಿದಂತೆ ಕೂತಿರುತ್ತಿದ್ದದ್ದು ಅದೇ ಜಾತಿ. ಹಿಗ್ಗಿಸುವ ಸಾಮಾನನ್ನು ಸ್ವಿಚ್ ಮಾಡಿದ್ದೇಕೆ ಅಂತ ಧಾರವಾಡದ ಒಬ್ಬ ಮೇಷ್ಟ್ರು ಕೇಳಿದರು. ಸರಿಯಾದ ಪ್ರಶ್ನೆ. ಕಾಲೇಜಿನವರಿಗೆ ಉಪಯೋಗ ಆಗಲಿ ಅಂತ ಸ್ವಲ್ಪ ಬಿಡಿಸಿಯೇ ಬರೆಯುತ್ತೇವೆ.

ಟ್ರಾನ್ಸಿಸ್ಟರ್ ಎಷ್ಟು ಚುರುಕು ಅಂತ ಹೇಳುವ ಒಂದು ಅಂಕಿ ಇದೆ, ಟ್ರಾನ್ಸಿಷನ್ ಫ್ರೀಕ್ವೆನ್ಸಿ. 2ಎನ್2369ಎಗೆ ಅದು ಕನಿಷ್ಠ 500 ಮೆಗಾಹರ್ಟ್ಸ್. ಬಿಎಫ್‌ಆರ್93ಎಗೆ ಸುಮಾರು 6 ಗಿಗಾಹರ್ಟ್ಸ್, ಹನ್ನೆರಡು ಪಟ್ಟು. ಟ್ರಾನ್ಸಿಸ್ಟರಿಗೆ ಮೂರು ಕಾಲು: ಕರೆಂಟ್ ಕಲೆಕ್ಟರಿನಿಂದ ಎಮಿಟರಿಗೆ ಹರಿಯುತ್ತದೆ, ಅದನ್ನು ಹತೋಟಿಯಲ್ಲಿಡುವುದು ಬೇಸ್. ಕಲೆಕ್ಟರ್ ಮತ್ತು ಬೇಸ್ ನಡುವಿನ ಕೆಪಾಸಿಟೆನ್ಸು (ಚಾರ್ಜ್ ಹಿಡಿದಿಡುವ ಗುಣ) ಹಳೆಯದರಲ್ಲಿ 4 ಪಿಕೋಫ್ಯಾರಡ್‌ವರೆಗೆ ಇರಬಹುದು, ಹೊಸದರಲ್ಲಿ ಒಂದಕ್ಕಿಂತ ಕಡಿಮೆ. ಔಟ್‌ಪುಟ್ ಕೆಳಗಿಳಿಯುವಾಗ ಬೇಸನ್ನು ಹಿಂದಕ್ಕೆ ಎಳೆದು ನಿಧಾನ ಮಾಡುವುದು ಈ ಕೆಪಾಸಿಟೆನ್ಸೇ. ಇಷ್ಟು ನೋಡಿದರೆ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದರೆ ಸಾಕು ಅನ್ನಿಸುತ್ತದೆ, ಅಲ್ವಾ? ಇಲ್ಲ, ತೊಡಕು ಇರುವುದೇ ಅಲ್ಲಿ.

ಮಾಮೂಲಿ ಸ್ವಿಚ್ಚಿನಲ್ಲಿ ಟ್ರಾನ್ಸಿಸ್ಟರನ್ನು ಪೂರ್ತಿ ಆನ್ ಮಾಡುತ್ತೇವೆ. ಬೇಸಿಗೆ ಬೇಕಾದದ್ದಕ್ಕಿಂತ ಜಾಸ್ತಿ ಕರೆಂಟ್ ಕೊಟ್ಟು ಸ್ಯಾಚುರೇಟ್ ಮಾಡುತ್ತೇವೆ. ಆಗ ಒಳಗೆ ಚಾರ್ಜ್ ತುಂಬಿಕೊಳ್ಳುತ್ತದೆ. ಆಫ್ ಮಾಡಬೇಕೆಂದಾಗ ಆ ಚಾರ್ಜ್ ಖಾಲಿಯಾಗುವ ತನಕ ಕಲೆಕ್ಟರ್ ಕರೆಂಟ್ ನಿಲ್ಲುವುದೇ ಇಲ್ಲ. ಇದು ಸ್ಟೋರೇಜ್ ಟೈಮ್. ಎಲ್ಲರ ಬಳಿ ಇರುವ 2ಎನ್2222ಎನಲ್ಲಿ ಇದು 225 ನ್ಯಾನೋಸೆಕೆಂಡಿನವರೆಗೆ ಹೋಗಬಹುದು. 2ಎನ್2369ಎನಲ್ಲಿ ಹೆಚ್ಚೆಂದರೆ 13. ಇಷ್ಟು ಕಡಿಮೆ ಆಗಲು ಕಾರಣ ಚಿನ್ನ. ಹೌದು, ಬಂಗಾರವೇ. ಸಿಲಿಕಾನಿನೊಳಗೆ ಬೆರೆಸಿದ ಚಿನ್ನದ ಪರಮಾಣುಗಳು ಉಳಿದ ಚಾರ್ಜನ್ನು ಬೇಗ ಮುಗಿಸಿಬಿಡುತ್ತವೆ. ರೇಡಿಯೋ ಟ್ರಾನ್ಸಿಸ್ಟರುಗಳಿಗೆ ಈ ಉಪಚಾರ ಮಾಡುವುದಿಲ್ಲ, ಯಾಕೆಂದರೆ ಅವನ್ನು ಯಾರೂ ಸ್ಯಾಚುರೇಟ್ ಮಾಡುವುದಿಲ್ಲ ಅಂತಲೇ ಲೆಕ್ಕ. ಅವುಗಳ ಡೇಟಾಶೀಟ್ ತೆಗೆದು ನೋಡಿ. ಗೇನ್ (ಎಷ್ಟು ಹಿಗ್ಗಿಸುತ್ತದೆ ಅನ್ನುವ ಅಂಕಿ) ಇರುತ್ತದೆ, ನಾಯ್ಸ್ ಫಿಗರ್ ಇರುತ್ತದೆ, ಎಸ್-ಪ್ಯಾರಾಮೀಟರುಗಳ ಉದ್ದದ ಪಟ್ಟಿ ಇರುತ್ತದೆ. ಸ್ಟೋರೇಜ್ ಟೈಮ್ ಅಂತ ಒಂದು ಸಾಲೂ ಇರುವುದಿಲ್ಲ. ಸ್ಯಾಚುರೇಟ್ ಮಾಡಿದರೆ ಎಷ್ಟು ತಡ ಮಾಡುತ್ತದೆ ಅಂತ ತಯಾರಕರೇ ಮಾತು ಕೊಟ್ಟಿಲ್ಲ ಎಂದಮೇಲೆ ಅದರ ಮೇಲೆ ನಾವು ಸಾಮಾನು ಕಟ್ಟಿ ಮಾರುವುದು ಹೇಗೆ?

ಹಾಗಾಗಿ ಸ್ಯಾಚುರೇಟ್ ಆಗಲು ಬಿಡದ ಸರ್ಕಿಟ್ ಹಾಕಿದ್ದೇವೆ. ಎರಡು ಟ್ರಾನ್ಸಿಸ್ಟರುಗಳ ಎಮಿಟರ್ ಒಂದಕ್ಕೊಂದು ಜೋಡಿಸಿ, ಅಲ್ಲಿಂದ 20 ಮಿಲಿಆಂಪಿಯರ್ ಕರೆಂಟ್ ಸದಾ ಹರಿಯುವಂತೆ ಮಾಡಿದೆ. ಈ ಕರೆಂಟ್ ಯಾವತ್ತೂ ನಿಲ್ಲುವುದಿಲ್ಲ, ಬರೀ ದಾರಿ ಬದಲಿಸುತ್ತದೆ. ಮಲಪ್ರಭಾ ಕಾಲುವೆಯಲ್ಲಿ ನೀರು ಬಿಟ್ಟಾಗ ಒಂದು ತೂಬು ಮುಚ್ಚಿ ಇನ್ನೊಂದು ತೆರೆದರೆ ಈ ಹೊಲದ ನೀರು ಆ ಹೊಲಕ್ಕೆ ಹೋಗುತ್ತದಲ್ಲ, ಹಾಗೆ. ದಾರಿ ಬದಲಿಸಲು ಎರಡು ಬೇಸ್‌ಗಳ ನಡುವೆ ಬರೀ 100 ಮಿಲಿವೋಲ್ಟ್ ವ್ಯತ್ಯಾಸ ಸಾಕು. ಅಷ್ಟಕ್ಕೇ ನೂರಕ್ಕೆ 98 ಪಾಲು ಕರೆಂಟ್ ಒಂದು ಕಡೆಗೆ ವಾಲುತ್ತದೆ. ಯಾವ ಟ್ರಾನ್ಸಿಸ್ಟರೂ ಸ್ಯಾಚುರೇಟ್ ಆಗುವುದಿಲ್ಲ, ಆದ್ದರಿಂದ ಸ್ಟೋರೇಜ್ ಟೈಮಿನ ಪ್ರಶ್ನೆಯೇ ಇಲ್ಲ. ಇದು ನಮ್ಮ ಬುದ್ಧಿ ಅಲ್ಲ. 1956ರಲ್ಲಿ ಐಬಿಎಂನ ಹ್ಯಾನನ್ ಯೂರ್ಕ್ ಕಂಡುಹಿಡಿದ ದಾರಿ. ಮುಂದೆ ಇಸಿಎಲ್ (ಎಮಿಟರ್ ಕಪಲ್ಡ್ ಲಾಜಿಕ್) ಅಂತ ಹೆಸರಾಗಿ 1976ರ ಕ್ರೇ-1 ಸೂಪರ್ ಕಂಪ್ಯೂಟರಿನವರೆಗೂ ಹೋಯಿತು.

ಈ ಸರ್ಕಿಟ್ಟಿನಿಂದ ಇನ್ನೊಂದು ಲಾಭ ಇದೆ. ನಮ್ಮ ಮಟ್ಟಿಗೆ ವೇಗಕ್ಕಿಂತ ಇದೇ ದೊಡ್ಡದು. ಕೇಬಲ್ಲಿನ ತುದಿಯಿಂದ ಪ್ರತಿಧ್ವನಿ ವಾಪಸ್ ಬಂದಾಗ ಡಬ್ಬಿ ಅದನ್ನು ನುಂಗಿಕೊಳ್ಳಬೇಕು. ಇಲ್ಲದಿದ್ದರೆ ಅದು ಮತ್ತೆ ಚಿಮ್ಮಿ ಹೋಗಿ ಇಲ್ಲದ ತೊಂದರೆಯನ್ನು ತೋರಿಸುತ್ತದೆ. ಹಳೆಯ ಸ್ವಿಚ್ಚು ಆನ್ ಇದ್ದಾಗ ಒಂದು ರೆಸಿಸ್ಟೆನ್ಸ್, ಆಫ್ ಇದ್ದಾಗ ಇನ್ನೊಂದು ತೋರಿಸುತ್ತಿತ್ತು. ಈಗ ಕಲೆಕ್ಟರ್ ತಾನಾಗಿ ಯಾವ ಲೋಡನ್ನೂ ಹಾಕುವುದಿಲ್ಲ. ಅದಕ್ಕೂ ಗ್ರೌಂಡಿಗೂ ನಡುವೆ ಇರುವ 50 ಓಮ್ ರೆಸಿಸ್ಟರ್ ಮಾತ್ರ ಕೇಬಲ್ಲಿಗೆ ಕಾಣುತ್ತದೆ, ಪಲ್ಸು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. 74ಎಸಿ ಸರಣಿಯ ಗೇಟಿನಿಂದಲೇ (ಅಂಗಡಿಯಲ್ಲಿ ಸಿಗುವ ಡಿಜಿಟಲ್ ಐಸಿ) ಹರಿತ ಪಲ್ಸ್ ಬರುತ್ತದಲ್ಲ, ಅಗ್ಗವೂ ಹೌದಲ್ಲ ಅಂತ ಕೇಳಿದವರಿಗೂ ಉತ್ತರ ಇದೇ. ಬಹಳ ಕೆಲಸಕ್ಕೆ ಆ ಗೇಟು ಸಾಕು, ನಮ್ಮ ಡಬ್ಬಿಯ ಒಳಗೂ ಒಂದು ಇದೆ. ಆದರೆ ಕೇಬಲ್ಲಿಗೆ ಮುಖ ಕೊಟ್ಟು ನಿಲ್ಲುವ ಜಾಗಕ್ಕೆ ಅದು ಬೇಡ.

ವೋಲ್ಟೇಜ್ ಕಡಿಮೆ ಆದದ್ದೂ ಇದರಿಂದಲೇ. ಬಿಎಫ್‌ಆರ್93ಎ ತಡೆಯುವ ಗರಿಷ್ಠ ಕರೆಂಟ್ 35 ಮಿಲಿಆಂಪಿಯರ್. ನಾವು ಹರಿಸುವ 20 ಮಿಲಿಆಂಪಿಯರ್, ಡಬ್ಬಿಯ 50 ಓಮ್ ಮತ್ತು ಕೇಬಲ್ಲಿನ 50 ಓಮ್ ಸೇರಿ ಆಗುವ 25 ಓಮ್ ಮೇಲೆ ಅರ್ಧ ವೋಲ್ಟ್ ಕೊಡುತ್ತದೆ. ಸ್ಕೋಪಿಗೆ ಅದು ಧಾರಾಳ. ಸಿಸಿಟಿವಿಯ ಆರ್‌ಜಿ-59, ಆರ್‌ಜಿ-6 ಕೇಬಲ್ಲುಗಳು 75 ಓಮ್, ಅಲ್ಲಿ 0.6 ವೋಲ್ಟ್ ಕಾಣುತ್ತದೆ ಮತ್ತು ವಾಪಸ್ ಬಂದದ್ದರಲ್ಲಿ ಐದನೇ ಒಂದು ಪಾಲು ಮತ್ತೆ ಚಿಮ್ಮುತ್ತದೆ. ನೀವು 75 ಓಮ್ ಕೇಬಲ್ ಮಾತ್ರ ಬಳಸುವವರಾದರೆ ಆರ್ಡರ್ ಕೊಡುವಾಗಲೇ ಹೇಳಿ. ಒಂದು ರೆಸಿಸ್ಟರ್ ಬದಲಿಸಿ ಕೊಡುತ್ತೇವೆ, ಅದಕ್ಕೆ ದುಡ್ಡಿಲ್ಲ.

"ಅವಲಾಂಚ್ ಯಾಕೆ ಮಾಡಲಿಲ್ಲ?" ಅಂತಲೂ ಕೆಲವರು ಕೇಳಿದ್ದಾರೆ. ಹಳೆಯ 2ಎನ್2369ಗೇ ಸುಮಾರು 90 ವೋಲ್ಟ್ ಕೊಟ್ಟು ಒಡೆದುಕೊಳ್ಳುವಂತೆ ಮಾಡಿದರೆ ಅರ್ಧ ನ್ಯಾನೋಸೆಕೆಂಡಿಗಿಂತ ಹರಿತ ಅಂಚು ಬರುತ್ತದೆ, ನಿಜ. ಆದರೆ ಎಲ್ಲ ಪೀಸೂ ಹಾಗೆ ಕುಣಿಯುವುದಿಲ್ಲ, ಒಂದೊಂದನ್ನೇ ಆರಿಸಬೇಕು. ಪಲ್ಸಿನ ಅಗಲವನ್ನು ನಾಬ್ ತಿರುಗಿಸಿ ಬದಲಿಸಲೂ ಬರುವುದಿಲ್ಲ. ಹುಡುಗರು ಕೈ ಹಾಕುವ ಲ್ಯಾಬ್ ಟೇಬಲ್ ಮೇಲೆ 90 ವೋಲ್ಟಿನ ಡಬ್ಬಿ ಇಡುವುದು ನಮಗೆ ಇಷ್ಟವೂ ಇಲ್ಲ.

ಈಗ ಜೋಪಾನದ ಮಾತು. ಈ ಟ್ರಾನ್ಸಿಸ್ಟರಿನ ಬೇಸ್-ಎಮಿಟರ್ ಉಲ್ಟಾ ದಿಕ್ಕಿನಲ್ಲಿ ತಡೆಯುವುದು ಬರೀ 2 ವೋಲ್ಟ್. ದಾಟಿದರೆ ಒಮ್ಮೆಲೇ ಸಾಯುವುದಿಲ್ಲ. ಗೇನ್ ಕಡಿಮೆಯಾಗುತ್ತಾ ಮೆಲ್ಲಗೆ ಹಾಳಾಗುತ್ತದೆ, ಅದು ಇನ್ನೂ ತಲೆನೋವು. ಹಳೆಯ ಡಬ್ಬಿಯ ಹೊರಗಿನ ಟ್ರಿಗರ್ ಸಾಕೆಟ್ಟಿಗೆ ನೀವು 12 ವೋಲ್ಟ್ ಕೊಡುತ್ತಿದ್ದಿರಿ. ಹೊಸದಕ್ಕೆ 5 ವೋಲ್ಟ್ ಮೇಲೆ ಬೇಡ. ಒಳಗೆ ಶಾಟ್ಕಿ ಡಯೋಡ್ ಕಾವಲಿಗಿದೆ, ಆದರೂ ಸುಮ್ನೆ ಪರೀಕ್ಷೆ ಮಾಡಬೇಡಿ. ಕರೆಂಟ್ ಇರುವ ಕೇಬಲ್ಲಿಗೆ, ಅಂದರೆ ಕ್ಯಾಮೆರಾಗೆ ಅಥವಾ ಡಿಶ್ಶಿಗೆ ಪವರ್ ಹೋಗುತ್ತಿರುವ ಕೇಬಲ್ಲಿಗೆ, ಡಬ್ಬಿಯನ್ನು ಜೋಡಿಸಲೇಬೇಡಿ.

ರಿಪೇರಿ ಬಗ್ಗೆ. ಹಳೆಯದು ಹೋದರೆ ನಿಮ್ಮಲ್ಲಿ ಹಲವರು ಮೂರು ಕಾಲಿನ ಟ್ರಾನ್ಸಿಸ್ಟರ್ ತಂದು ನೀವೇ ಬೆಸುಗೆ ಹಾಕಿಕೊಳ್ಳುತ್ತಿದ್ದಿರಿ. ಹೊಸದು ಬೋರ್ಡಿನ ಮೈಮೇಲೆಯೇ ಬೆಸೆಯುವ, 3 ಮಿಲಿಮೀಟರ್ ಉದ್ದದ ಎಸ್‌ಎಂಡಿ. ಮೊಬೈಲ್ ರಿಪೇರಿಯವರು ಹಾಕಬಲ್ಲರು, ಆ ಮಾತು ಬೇರೆ. ಆದರೆ ಇದು ಗಿಗಾಹರ್ಟ್ಸ್‌ನಲ್ಲಿ ಗೇನ್ ಇರುವ ಸಾಮಾನು. ಒಂದು ಮಿಲಿಮೀಟರ್ ವೈರೆಂದರೆ ಸುಮಾರು ಒಂದು ನ್ಯಾನೋಹೆನ್ರಿ ಇಂಡಕ್ಟೆನ್ಸ್, ಅಂದರೆ ಕರೆಂಟ್ ಬದಲಾಗುವುದನ್ನು ತಡೆಯುವ ಗುಣ. ಎರಡು ಸೆಂಟಿಮೀಟರ್ ವೈರ್ ಎಳೆದು ಜೋಡಿಸಿದಿರೋ, ಅದು ಸ್ವಿಚ್ ಕೆಲಸ ಬಿಟ್ಟು ತಾನೇ ಸಿಗ್ನಲ್ ಹುಟ್ಟಿಸುವ ಆಸಿಲೇಟರ್ ಆಗಿ ಕೂರುತ್ತದೆ. 100 ಮೆಗಾಹರ್ಟ್ಸ್ ಸ್ಕೋಪಿನಲ್ಲಿ ಅದು ಸರಿಯಾಗಿ ಕಾಣುವುದೂ ಇಲ್ಲ. ಗೆರೆ ಸ್ವಲ್ಪ ದಪ್ಪಗೆ ಕಾಣುತ್ತದೆ, ಬೆರಳು ಹತ್ತಿರ ತಂದರೆ ಮಟ್ಟ ಅಲುಗುತ್ತದೆ, ಅಷ್ಟೇ ಸುಳಿವು. ಅದಕ್ಕೇ ಪ್ರತಿ ಬೇಸಿನ ಬುಡದಲ್ಲೇ ಒಂದು 22 ಓಮ್ ರೆಸಿಸ್ಟರ್ ಇಟ್ಟಿದ್ದೇವೆ, ಬೋರ್ಡಿನ ಹಿಂದೆ ಪೂರ್ತಿ ಗ್ರೌಂಡ್ ತಾಮ್ರ ಬಿಟ್ಟಿದ್ದೇವೆ. ಆ ರೆಸಿಸ್ಟರ್ ಯಾಕಿದೆ ಅಂತ ತೆಗೆದುಹಾಕಬೇಡಿ. ಡಬ್ಬಿ ಕೆಟ್ಟರೆ ನಮಗೇ ಕಳಿಸಿ.

ಲ್ಯಾಬಿನವರಿಗೆ ಒಂದು ವಿನಂತಿ. ಸ್ಕೋಪಿನಲ್ಲಿ ಅಂಚು ಅಳೆದು "ನೀವು ಹೇಳಿದಷ್ಟು ಹರಿತ ಇಲ್ಲ" ಅನ್ನುವ ಮುಂಚೆ ಸ್ಕೋಪಿನ ವೇಗ ನೋಡಿ. 100 ಮೆಗಾಹರ್ಟ್ಸ್ ಸ್ಕೋಪಿನ ಸ್ವಂತ ರೈಸ್ ಟೈಮೇ (ಎಷ್ಟೇ ಹರಿತ ಅಂಚನ್ನಾದರೂ ತೋರಿಸಲು ಅದಕ್ಕೆ ಬೇಕಾಗುವ ಹೊತ್ತು) 3.5 ನ್ಯಾನೋಸೆಕೆಂಡ್. ನಮ್ಮ ಒಂದು ನ್ಯಾನೋಸೆಕೆಂಡ್ ಅದರಲ್ಲಿ 3.6 ಆಗಿ ಕಾಣುತ್ತದೆ, ಹಳೆಯ ಡಬ್ಬಿಯ 5 ಸುಮಾರು 6 ಆಗಿ ಕಾಣುತ್ತಿತ್ತು. ಗೇಣುದ್ದ ಗ್ರೌಂಡ್ ಕ್ಲಿಪ್ಪಿನ ಪ್ರೋಬ್ ಹಚ್ಚಿದರೆ 100 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಗೆರೆ ನಡುಗುತ್ತದೆ. ಅದು ಪ್ರೋಬಿನ ನಡುಕ, ಡಬ್ಬಿಯದಲ್ಲ. ಬಿಎನ್‌ಸಿ ಕೇಬಲ್ಲಿನಿಂದ ನೇರವಾಗಿ ಜೋಡಿಸಿ, ಸ್ಕೋಪಿನ ಬಾಯಲ್ಲಿ ಟೀ ಕನೆಕ್ಟರ್ ಹಾಕಿ 50 ಓಮ್ ಟರ್ಮಿನೇಟರ್ ಕೊಡಿ.

ಬೆಲೆ ₹400 ಜಾಸ್ತಿಯಾಗಿದೆ. ಟ್ರಾನ್ಸಿಸ್ಟರಿನಿಂದಲ್ಲ, ಅದು ಅಗ್ಗವೇ. ಎರಡು ಬದಿಯ ಬೋರ್ಡು ಮತ್ತು ಪ್ರತಿ ಡಬ್ಬಿಯನ್ನೂ ವೇಗದ ಸ್ಕೋಪಿನಲ್ಲಿ ನೋಡಿ ಕಳಿಸುವ ಕೂಲಿ ಅದಕ್ಕೆ ಕಾರಣ. ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ಬೆಲೆಯೇ. ಉದ್ದ ಕೇಬಲ್ಲಿನಲ್ಲಿ ತುಂಡಾದ ಜಾಗ ಹುಡುಕುವುದಷ್ಟೇ ನಿಮ್ಮ ಕೆಲಸವಾದರೆ ಹಳೆಯ ಡಬ್ಬಿ ಇನ್ನೂ ಸಾಕು, ಸುಮ್ನೆ ಖರ್ಚು ಮಾಡಬೇಡಿ. ಅದರ ರಿಪೇರಿಗೆ ಬೇಕಾದ ಅಸಲಿ 2ಎನ್2369ಎ ನಮ್ಮಲ್ಲಿ ತೆಗೆದಿಟ್ಟಿದ್ದೇವೆ. ಹಳೆಯದನ್ನು ಕೊಟ್ಟು ಹೊಸದು ಒಯ್ಯುವವರಿಗೆ ಡಬ್ಬಿ ಮತ್ತು ಪವರ್ ಸಪ್ಲೈ ಬೆಲೆ ಮುರಿದುಕೊಳ್ಳುತ್ತೇವೆ. ಗದಗ, ಹಾವೇರಿ ಕಡೆಯವರು ಬಸ್ ಪಾರ್ಸೆಲ್ಲಿನಲ್ಲಿ ಕಳಿಸಬಹುದು. ಬಿಎನ್‌ಸಿ ಸಾಕೆಟ್ಟಿನ ಮೇಲೆ ಕ್ಯಾಪ್ ಹಾಕಿ ಕಳಿಸಿ.

ಇಂತಿ,
ಪಲ್ಸ್ ಡಬ್ಬಿ ವಿಭಾಗದವರು
ಗೋಕುಲ ರಸ್ತೆ, ಹುಬ್ಬಳ್ಳಿ