ಕಾಣೆಯಾದ ಆರ್ಡರ್ ಹುಡುಕಿಕೊಟ್ಟವರಿಗೆ

'ಪೆಂಡಿಂಗ್' ಆರ್ಡರ್‌ಗಳು ಕ್ವೆರಿಯಲ್ಲಿ ಯಾಕೆ ಬರುತ್ತಿಲ್ಲ ಅಂತ ನಾನು ಕೇಳಿದ್ದಕ್ಕೆ ಹೆಸರೂ ಹೇಳದೆ ಉತ್ತರ ಕೊಟ್ಟು ಹೋದ ಪುಣ್ಯಾತ್ಮರೇ, ತುಂಬಾ ಥ್ಯಾಂಕ್ಸ್! ಡೈನಮೋಡಿಬಿ (ಅಮೆಜಾನ್‌ನ ಡೇಟಾಬೇಸ್) ಟೇಬಲ್‌ನಲ್ಲಿ ಆರ್ಡರ್‌ಗಳು ಕಣ್ಣೆದುರೇ ಇದ್ದವು, ಕ್ವೆರಿ ಮಾತ್ರ ಸೊನ್ನೆ ಅನ್ನುತ್ತಿತ್ತು. ಎರರ್ ಕೂಡ ಇಲ್ಲ. ಪರ್ಮಿಷನ್ ನೋಡಿ, ರೀಜನ್ ನೋಡಿ ಅಂದವರೇ ಜಾಸ್ತಿ. "ಕ್ವೆರಿಯ ಉತ್ತರದಲ್ಲಿ ಲಾಸ್ಟ್‌ಇವ್ಯಾಲ್ಯುಯೇಟೆಡ್‌ಕೀ (ಓದು ಎಲ್ಲಿ ನಿಂತಿತು ಅನ್ನುವ ಗುರುತು) ಬಂದಿದೆಯಾ?" ಅಂತ ಕೇಳಿದ್ದು ನೀವೊಬ್ಬರೇ. ಬಂದಿತ್ತು!

ಒಂದು ಸಲಕ್ಕೆ ಕ್ವೆರಿ ಓದುವುದು ಹೆಚ್ಚೆಂದರೆ 1 ಎಂಬಿ. ಫಿಲ್ಟರ್ ಹಾಕುವುದು ಓದಿ ಮುಗಿದ ಮೇಲೆ. ಆ 1 ಎಂಬಿಯಲ್ಲಿ 'ಪೆಂಡಿಂಗ್' ಆರ್ಡರ್ ಒಂದೂ ಇಲ್ಲದಿದ್ದರೆ ಕೈಗೆ ಬರುವುದು ಖಾಲಿ ಪಟ್ಟಿ. ಸ್ಕ್ಯಾನ್ಡ್‌ಕೌಂಟ್ (ಓದಿದ್ದೆಷ್ಟು) ಸಾವಿರಗಟ್ಟಲೆ, ಕೌಂಟ್ (ಫಿಲ್ಟರ್ ದಾಟಿ ಬಂದಿದ್ದೆಷ್ಟು) ಸೊನ್ನೆ. (ಓದಿದ್ದಕ್ಕೆಲ್ಲ ದುಡ್ಡು ಮಾತ್ರ ಪೂರ್ತಿ, ಅಲ್ವಾ!) ಆ ಲಾಸ್ಟ್‌ಇವ್ಯಾಲ್ಯುಯೇಟೆಡ್‌ಕೀಯನ್ನು ಮುಂದಿನ ಕ್ವೆರಿಯ ಎಕ್ಸ್‌ಕ್ಲೂಸಿವ್‌ಸ್ಟಾರ್ಟ್‌ಕೀಗೆ (ಓದು ಎಲ್ಲಿಂದ ಮುಂದುವರಿಯಬೇಕು ಅನ್ನುವುದಕ್ಕೆ) ಕೊಟ್ಟು ಲೂಪ್ ಹಾಕಿದ್ದೇ ತಡ, ಆರ್ಡರ್‌ಗಳು ಸಾಲಾಗಿ ಬಂದವು. ಆರ್ಡರ್ ಸ್ಟೇಟಸ್‌ಗೆ ಬೇರೆ ಇಂಡೆಕ್ಸ್ (ಸ್ಟೇಟಸ್ ಮೇಲೆ ನೇರವಾಗಿ ಹುಡುಕುವ ಸೂಚಿ) ಮಾಡಿ ಅಂದಿರಲ್ಲ, ಅದನ್ನೂ ಈ ವಾರ ಮಾಡುತ್ತೇನೆ.