ಅಮ್ಮ, ನನ್ನನ್ನ ಪ್ರೊಫೆಸರ್ ಅಂತ ಹೇಳ್ಬೇಡಿ

ಅಮ್ಮಂಗೆ, ಅಪ್ಪಂಗೆ ನಮಸ್ಕಾರ. ನಾನು ಚೆನ್ನಾಗಿದೀನಿ, ನೀವೂ ಎಲ್ಲಾ ಆರಾಮ ಅಂದ್ಕೋತೀನಿ. ಪುಟ್ಟಂಗೆ ರಿಸಲ್ಟ್ ಬಂದ ತಕ್ಷಣ ಮೆಸೇಜ್ ಹಾಕೋಕೆ ಹೇಳಿ.

ಅಮ್ಮ, ನಿನ್ನ ಮೇಲ್ ಓದಿದಾಗಿಂದ ಬೇರೆ ಏನೂ ತಲೆಗೆ ಹೋಗ್ತಿಲ್ಲ. ಹುಡುಗನ ಮನೆಯವರು "ಅಷ್ಟು ದೂರ ಹೋಗಿ ಲೈಬ್ರರಿ ಕೆಲಸಾನಾ" ಅಂತ ಕೇಳಿದ್ದು, ಅದಕ್ಕೆ ಅತ್ತೆ "ಪ್ರೊಫೆಸರ್ ಅಂದ್ಬಿಡಿ, ಯಾರು ಹೋಗಿ ನೋಡ್ತಾರೆ" ಅಂದಿದ್ದು, ಅಪ್ಪ ಏನೂ ಮಾತಾಡದೆ ಕೂತಿದ್ದು. ಕೇಳಿದವರ ಮೇಲೆ ನಂಗೆ ಸಿಟ್ಟಿಲ್ಲ, ಅಪ್ಪ ಸುಮ್ಮನಿದ್ದಿದ್ದೇ ಬೇಜಾರಾಯ್ತು. ನಾನು ಯೂನಿವರ್ಸಿಟಿಯಲ್ಲಿ ಬಿಸಿನೆಸ್ ಲೈಬ್ರೇರಿಯನ್, ಹಾಗಂತಾನೇ ಹೇಳಿ. ಇಲ್ಲಿ ಅಮೆರಿಕದಲ್ಲಿ ಈ ಕೆಲಸಕ್ಕೆ ಮಾಸ್ಟರ್ಸ್ ಡಿಗ್ರಿ ಬೇಕು, ಎಷ್ಟೋ ಯೂನಿವರ್ಸಿಟಿಗಳಲ್ಲಿ ಲೈಬ್ರೇರಿಯನ್‌ಗಳನ್ನ ಫ್ಯಾಕಲ್ಟಿ ಅಂತಾನೇ ಲೆಕ್ಕ ಹಾಕ್ತಾರೆ, ಅದನ್ನೂ ಬೇಕಿದ್ರೆ ಹೇಳಿ. ಸುಳ್ಳು ಮಾತ್ರ ಬೇಡ.

ಕೆಲಸ ಏನು ಅಂತ ಬರೀತೀನಿ, ಅಪ್ಪಂಗೆ ಓದಿ ಹೇಳು. ಮಾರ್ಕೆಟಿಂಗ್ ಪಾಠ ಮಾಡೋ ಮೇಡಂ ಒಬ್ಬರು ಇದಾರೆ, ನಾವಿಬ್ಬರೂ ಸೇರಿ ಒಂದು ಕೋರ್ಸ್ ನಡೆಸ್ತೀವಿ. ಸಾಮಾನ್ಯವಾಗಿ ಏನಾಗುತ್ತೆ ಅಂದ್ರೆ ಸೆಮಿಸ್ಟರ್ ಶುರುವಲ್ಲಿ ಲೈಬ್ರೇರಿಯನ್ನ ಒಂದು ಕ್ಲಾಸಿಗೆ ಕರೀತಾರೆ, ನಾವು ಹೋಗಿ ಎಲ್ಲಾ ಡೇಟಾಬೇಸ್ ತೋರಿಸಿ ಬರ್ತೀವಿ, ಹುಡುಗರು ತಲೆ ಆಡಿಸ್ತಾರೆ, ಅಸೈನ್‌ಮೆಂಟ್ ಬರೆಯೋ ಹೊತ್ತಿಗೆ ಅದೆಲ್ಲಾ ಮರೆತು ಗೂಗಲ್‌ನಲ್ಲಿ ಮೊದಲು ಸಿಕ್ಕಿದ್ದನ್ನ ಹಾಕ್ತಾರೆ. ನಮ್ಮ ಲೈಬ್ರರಿಯವರು ಇದಕ್ಕೆ ಒನ್-ಶಾಟ್ ಅಂತಾರೆ. ನನ್ನ ಕೇಳಿದ್ರೆ ಅದು ಎರಡೂ ಕಡೆಯವರ ಟೈಮ್ ವೇಸ್ಟ್. ಅದಕ್ಕೇ ನಾನೂ ಮೇಡಮ್ಮೂ ಸೆಮಿಸ್ಟರ್‌ಗೆ ಮುಂಚೆನೇ ಕೂತು ಅಸೈನ್‌ಮೆಂಟ್‌ನ ಪ್ರಶ್ನೆಯನ್ನೇ ಒಟ್ಟಿಗೆ ಬರೀತೀವಿ, ಹುಡುಗರಿಗೆ ಯಾವ ವಾರ ಯಾವ ಮಾಹಿತಿ ಬೇಕಾಗುತ್ತೋ ಆ ವಾರವೇ ನಾನು ಕ್ಲಾಸಿಗೆ ಹೋಗ್ತೀನಿ, ರಿಪೋರ್ಟ್‌ಗಿಂತ ಮುಂಚೆ ಅವರು ಎಲ್ಲೆಲ್ಲಿಂದ ಏನು ತಗೊಂಡ್ರು, ಅದನ್ನ ಯಾಕೆ ನಂಬಿದ್ರು ಅಂತ ಬರೆದು ಕೊಡಬೇಕು. ಆ ಭಾಗಕ್ಕೆ ಮಾರ್ಕ್ಸ್ ಹಾಕೋದು ನಾನು, ರಿಪೋರ್ಟ್‌ನಲ್ಲಿ ವಾದ ಹೇಗಿದೆ ಅಂತ ನೋಡೋದು ಮೇಡಂ. ಮಾರ್ಕ್ಸ್ ಇದ್ರೇನೇ ಹುಡುಗರು ಕೂತು ಹುಡುಕೋದು, ಅದು ಎಲ್ಲಾ ಕಡೆ ಒಂದೇ.

ಈ ಸಲ ಒಂದು ಗುಂಪು ಆರ್ಗಾನಿಕ್ ನಾಯಿ ಆಹಾರದ ಕಂಪನಿ ಶುರು ಮಾಡೋ ಪ್ಲಾನ್ ತಂದಿತ್ತು. ನಗಬೇಡಮ್ಮ, ನಾಯಿ ಬೆಕ್ಕಿನ ಆಹಾರ ತಯಾರಿಕೆಗೆ ಇಲ್ಲಿ ಸರ್ಕಾರವೇ ಒಂದು ನಂಬರ್ ಕೊಟ್ಟಿದೆ, 311111 ಅಂತ. ಪ್ರತಿ ಉದ್ಯಮಕ್ಕೂ ಇಂಥ 6 ಅಂಕಿಯ ಕೋಡ್ ಇದೆ, ನೇಕ್ಸ್ ಅಂತಾರೆ, ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ದೇಶ 1997ರಿಂದ ಬಳಸ್ತಿವೆ. ಹುಡುಗರು "ಆರ್ಗಾನಿಕ್ ನಾಯಿ ಆಹಾರದ ಮಾರ್ಕೆಟ್ ಎಷ್ಟು ದೊಡ್ಡದು" ಅಂತ ಹುಡುಕಿ ಏನೂ ಸಿಗಲ್ಲ ಅಂತ ಬಂದ್ರು. ನಾನು ಕೇಳಿದ್ದು ಒಂದೇ, ಈ ಲೆಕ್ಕ ಇಡೋದ್ರಿಂದ ಯಾರಿಗೆ ಲಾಭ? ಸರ್ಕಾರ ಇಡೋದು ಇಡೀ ನಾಯಿ ಬೆಕ್ಕಿನ ಆಹಾರದ ಲೆಕ್ಕ, ಅದರಲ್ಲಿ ಆರ್ಗಾನಿಕ್ ಬೇರೆ ಮಾಡಿರಲ್ಲ. ವ್ಯಾಪಾರಿಗಳ ಸಂಘ ತನ್ನ ಮೆಂಬರ್‌ಗಳಿಗೋಸ್ಕರ ಸರ್ವೆ ಮಾಡಿಸುತ್ತೆ, ಮಾರ್ಕೆಟ್ ರಿಸರ್ಚ್ ಕಂಪನಿಗಳು ರಿಪೋರ್ಟ್ ಮಾರಿ ದುಡ್ಡು ಮಾಡ್ತವೆ, ಷೇರು ಮಾರ್ಕೆಟ್‌ನಲ್ಲಿರೋ ಕಂಪನಿ ಕಾನೂನಿಗೆ ಹೆದರಿ ತನ್ನ ಲೆಕ್ಕ ಹೇಳುತ್ತೆ. ಹೀಗೆ ಯೋಚಿಸಿದ್ರೆ ಎಲ್ಲಿ ಹುಡುಕಬೇಕು ಅನ್ನೋದು ತಾನೇ ಗೊತ್ತಾಗುತ್ತೆ. ಬಿಡಿಬಿಡಿ ಅಂಕಿಗಳನ್ನ ಸೇರಿಸಿ ಒಂದು ಅಂದಾಜು ಕಟ್ಟೋದು ಮೇಡಂ ಕಲಿಸ್ತಾರೆ. ಅವರ ಪಾಠ ಇಲ್ಲದೆ ನಂದು ಬರೀ ಹುಡುಕಾಟ, ನಂದಿಲ್ಲದೆ ಅವರ ಹುಡುಗರು ಗಾಳಿಯಲ್ಲಿ ಗೋಪುರ ಕಟ್ತಾರೆ.

ಅಪ್ಪಂಗೆ ಇಷ್ಟ ಆಗೋ ವಿಷಯ ಒಂದಿದೆ. ಇಲ್ಲಿ ಷೇರು ಮಾರ್ಕೆಟ್‌ನಲ್ಲಿರೋ ಕಂಪನಿಗಳು ವರ್ಷಕ್ಕೊಮ್ಮೆ ಟೆನ್-ಕೆ ಅನ್ನೋ ವರದಿ ಸರ್ಕಾರಕ್ಕೆ ಕೊಡಬೇಕು, ಅದು ಎಡ್ಗರ್ ಅನ್ನೋ ಸೈಟ್‌ನಲ್ಲಿ ಫ್ರೀ, ಮನೇಲಿ ಕೂತು ಅಪ್ಪನೂ ನೋಡಬಹುದು. ಅದರಲ್ಲಿ ರಿಸ್ಕ್ ಫ್ಯಾಕ್ಟರ್ಸ್ ಅಂತ ಒಂದು ಭಾಗ, ನಮಗೆ ಏನೇನು ಅಪಾಯ ಇದೆ ಅಂತ ಕಂಪನಿನೇ ಬರ್ಕೊಂಡಿರುತ್ತೆ. ಮೊದಲು ಕಂಪನಿಯ ವೆಬ್‌ಸೈಟ್ ಓದಿಸಿ, ಆಮೇಲೆ ಅದೇ ಕಂಪನಿಯ ಈ ಭಾಗ ಓದಿಸಿದ್ರೆ ಹುಡುಗರ ಮುಖ ನೋಡಬೇಕು! ಅವತ್ತಿಂದ ಯಾವುದನ್ನ ಓದಿದ್ರೂ ಇದನ್ನ ಬರೆದವರು ಯಾರು, ಯಾಕೆ ಬರೆದ್ರು ಅಂತ ಕೇಳೋಕೆ ಶುರು ಮಾಡ್ತಾರೆ. ಈಗಂತೂ ಚಾಟ್‌ಬಾಟ್‌ಗಳು ಎಲ್ಲೂ ಇಲ್ಲದ ಲೇಖನಗಳ ಹೆಸರನ್ನೂ ಸೃಷ್ಟಿ ಮಾಡಿ ಕೊಡ್ತವೆ, ಅದನ್ನ ಹಿಡ್ಕೊಂಡು ಹುಡುಗರು ನನ್ನ ಹತ್ರ ಬರ್ತಾರೆ, ಹಾಗಾಗಿ ಈ ಕೆಲಸ ಕಮ್ಮಿ ಆಗೋ ಥರ ಇಲ್ಲ, ಅದರ ಬಗ್ಗೆ ಚಿಂತೆ ಬೇಡ.

ಅತ್ತೆಗೆ ಇದನ್ನ ಹೇಳು. ಎಸ್.ಆರ್. ರಂಗನಾಥನ್ ಗಣಿತದ ಮೇಷ್ಟ್ರಾಗಿದ್ದೋರು, 1924ರಲ್ಲಿ ಪಾಠ ಬಿಟ್ಟು ಮದ್ರಾಸ್ ಯೂನಿವರ್ಸಿಟಿಯ ಲೈಬ್ರೇರಿಯನ್ ಆದ್ರು. 1931ರಲ್ಲಿ ಅವರು ಬರೆದ ಐದು ಸೂತ್ರಗಳನ್ನ ಇಲ್ಲೂ ಲೈಬ್ರರಿ ಓದೋರು ಓದ್ತಾರೆ. ಓದುಗರ ಸಮಯ ಉಳಿಸಿ ಅನ್ನೋದು ಅದರಲ್ಲಿ ಒಂದು. ಅವರು 1962ರಲ್ಲಿ ಬೆಂಗಳೂರಲ್ಲೇ ಲೈಬ್ರರಿ ವಿಜ್ಞಾನ ಕಲಿಸೋ ಡಿಆರ್‌ಟಿಸಿ ಅನ್ನೋ ಸಂಸ್ಥೆ ಶುರು ಮಾಡಿದ್ರು. ಅಂಥವರು ಮಾಡಿದ ಕೆಲಸವನ್ನ ಮುಚ್ಚಿಟ್ಟು ಮದುವೆ ಆಗೋ ಅವಶ್ಯಕತೆ ನಂಗಿಲ್ಲ.

ಮದುವೆನೇ ಬೇಡ ಅಂತಿಲ್ಲ ಅಮ್ಮ, ಹಾಗೆ ತಿಳ್ಕೊಂಡು ಅಳ್ತಾ ಕೂರಬೇಡ. ಹುಡುಗ ನೇರವಾಗಿ ನಂಗೆ ಫೋನ್ ಮಾಡಲಿ, ಏನು ಬೇಕಾದ್ರೂ ಕೇಳಲಿ, ನಾನೇ ಹೇಳ್ತೀನಿ. ಕೇಳಿದ ಮೇಲೂ ಲೈಬ್ರರಿ ಅಂದ್ರೆ ಕೀಳು ಅನ್ಸಿದ್ರೆ ಅಲ್ಲಿಗೆ ಬಿಡಿ, ಒಬ್ಬರೂ ಬೇಜಾರು ಮಾಡ್ಕೋಬೇಡಿ. ನಂಗೆ ಸಂಬಳ ಸರಿಯಾಗಿ ಬರ್ತಿದೆ, ಊಟ ನಿದ್ದೆ ಎಲ್ಲಾ ಸರಿ ಇದೆ, ಆರೋಗ್ಯ ಚೆನ್ನಾಗಿದೆ, ಒಂಟಿ ಅಂತ ಅನ್ಸಲ್ಲ, ಜೊತೆಲಿ ಕೆಲಸ ಮಾಡೋರು ಒಳ್ಳೆಯವರು, ನಿಜವಾಗ್ಲೂ ಏನೂ ತೊಂದರೆ ಇಲ್ಲ, ಏನೂ ಇಲ್ಲ.

ಅಪ್ಪ ಈ ಪತ್ರ ಓದಿ ಏನಂದ್ರು ಅಂತ ಮಾತ್ರ ತಪ್ಪದೆ ಬರಿ. ಕ್ಲಾಸಿಗೆ ಟೈಮ್ ಆಯ್ತು, ಮೇಡಂ ಆಗ್ಲೇ ಕಾಯ್ತಿದಾರೆ, ಭಾನುವಾರ ಫೋನ್ ಮಾಡ್ತೀನಿ.

ನಿಮ್ಮ ಮಗಳು